ಅಧ್ಯಕ್ಷರ ಕೈಗೆ ಹಸಿರು ಬಳೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮರವನ್ನು ತಬ್ಬಿಕೊಳ್ಳಿ ಎಂದು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಜನ ತಾವಾಗಿಯೇ ತಬ್ಬಿಕೊಳ್ಳುತ್ತಾರೆ. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಗಂಡ ಹೆಂಡತಿ ಪಾರ್ಕಿನ ಗೇಟು ದಾಟಿದ ಕೂಡಲೇ ಒಂದು ಮರ ಹುಡುಕಿ, ಆ ಕಡೆಯಿಂದ ಒಬ್ಬರು ಈ ಕಡೆಯಿಂದ ಒಬ್ಬರು ಇಣುಕುತ್ತಾರೆ. ನಾನು ಇರುವೆ ಗೂಡಿನ ಮೇಲೆ ಮಂಡಿಯೂರಿ ಕ್ಲಿಕ್ ಮಾಡುತ್ತೇನೆ. ಫೋಟೋ ಚೆನ್ನಾಗಿ ಬಂದರೆ ಅವರು ಚೆನ್ನಾಗಿದ್ದಾರೆ. ಬರದಿದ್ದರೆ ಭೀಮರಾಜನಿಗೆ ಫೋಟೋ ತೆಗೆಯಲು ಬರುವುದಿಲ್ಲ.

ಆ ಭೀಮರಾಜ ನಾನೇ. ಆರು ವರ್ಷ ಆರ್.ಟಿ. ನಗರದ ಒಂದು ಸ್ಟುಡಿಯೋದಲ್ಲಿ ಜಲಪಾತದ ಪರದೆಯ ಮುಂದೆ ಜನರನ್ನು ಕೂರಿಸಿ ಗಲ್ಲ ಎತ್ತಿಸಿದವನು. ಈಗ ಜಲಪಾತ ಯಾರಿಗೂ ಬೇಡ. ಎಲ್ಲರಿಗೂ ಔಟ್‌ಡೋರ್ ಬೇಕು. ಹಾಗಾಗಿ ಸ್ಟುಡಿಯೋ ಮುಚ್ಚಿತು, ನನ್ನ ಅಂಗಡಿ ಅಲ್ಲಾಳಸಂದ್ರದ ಒಂದು ಪಾರ್ಕಿಗೆ ಬಂತು. ಕೊಡೆ ಬಿಚ್ಚಿದ ಹಾಗಿರುವ ಒಂದು ಮಳೆಮರ, ಎರಡು ಬಿದಿರು ಮೆಳೆ, ಒಂದು ಸಾಲು ತಾಳೆ. ಯಲಹಂಕದಿಂದ ಹೆಬ್ಬಾಳದವರೆಗೆ ಬೇರೆ ಯಾವ ಪಾರ್ಕಿಗೆ ಹೋದರೂ ಕ್ಯಾಮೆರಾ ಕಂಡ ಕೂಡಲೇ ವಾಚ್‌ಮ್ಯಾನ್ ಸೀಟಿ ಊದುತ್ತಾನೆ. ಇಲ್ಲಿ ಊದುವುದಿಲ್ಲ. ಕಾರಣ ಮುನಿವೆಂಕಟಯ್ಯ.

ಮುನಿವೆಂಕಟಯ್ಯ ಈ ಪಾರ್ಕಿನ ನಡಿಗೆದಾರರ ಸಂಘಕ್ಕೆ ಹನ್ನೊಂದು ವರ್ಷದಿಂದ ಅಧ್ಯಕ್ಷರು. ಪಾರ್ಕು ಇರುವ ಜಾಗ ಹಿಂದೆ ತಮ್ಮ ರಾಗಿ ಹೊಲವಾಗಿತ್ತು ಎಂದು ಅವರೇ ಹೇಳುತ್ತಾರೆ, ಆದ್ದರಿಂದ ಗೇಟು ಅವರ ಮಾತಿಗೆ ತೆರೆಯುತ್ತದೆ, ಅವರ ಮಾತಿಗೆ ಮುಚ್ಚುತ್ತದೆ. ನನ್ನಿಂದ ಅವರಿಗೆ ಬೇಕಾದದ್ದು ಒಂದೇ. ಯೋಗ ದಿನ, ಧ್ವಜ ದಿನ, ಗಿಡ ನೆಡುವ ದಿನ ಸಂಘದ ಫೋಟೋ ನಾನು ತೆಗೆಯಬೇಕು, ಅದರಲ್ಲಿ ಅವರು ನಡುವೆ ಇರಬೇಕು. ಹನ್ನೊಂದು ವರ್ಷದಲ್ಲಿ ಅವರನ್ನು ನಡುವೆ ಬಿಟ್ಟು ಬೇರೆಲ್ಲೂ ಕಂಡವರಿಲ್ಲ. ಈ ಒಬ್ಬ ಮನುಷ್ಯ ಮುನಿದರೆ ನನಗೆ ಪಾರ್ಕಿಲ್ಲ, ಪಾರ್ಕಿಲ್ಲದಿದ್ದರೆ ಕೆಲಸವಿಲ್ಲ. ಇಷ್ಟು ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಕೇಳಿ.

ಒಂದು ಭಾನುವಾರ ಬೆಳಿಗ್ಗೆ ಟಿ. ದಾಸರಹಳ್ಳಿಯಿಂದ ಸಿದ್ರಾಮಪ್ಪ ಎನ್ನುವವರು ಹೆಂಡತಿ ಶಿವಲಿಂಗವ್ವ, ಮಗಳು ರಕ್ಷಾ ಇಬ್ಬರನ್ನೂ ಕರೆದುಕೊಂಡು ಬಂದರು. ಬಾಗಲಕೋಟೆ ಕಡೆಯವರು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮಗಳಿಗೆ ಜಮಖಂಡಿಯಿಂದ ಒಂದು ಸಂಬಂಧ ಬಂದಿದೆ, ಹುಡುಗನ ಕಡೆಯವರು ಮನೆಮಂದಿಯ ಫೋಟೋ ಕೇಳಿದ್ದಾರೆ, ಸಂಜೆಯೊಳಗೆ ಕಳಿಸಬೇಕು. ರಕ್ಷಾ ಹೆಬ್ಬಾಳದ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಫೋಟೋನೇ ಬೇಡ ಎಂದು ಎರಡು ಸಲ ಹೇಳಿದಳು. ಅಪ್ಪ ಅಂಗಿಯ ಕಾಲರ್ ಸರಿ ಮಾಡಿಕೊಳ್ಳುತ್ತಿದ್ದರು, ಅವ್ವ ಇಳಕಲ್ ಸೀರೆಯ ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಯಾರಿಗೂ ಕೇಳಿಸಲಿಲ್ಲ.

ಮಳೆಮರದ ಕೆಳಗೆ ನಿಲ್ಲಿಸಿದೆ. ಬೆಳಕು ಚೆನ್ನಾಗಿತ್ತು. ಬೆರಳು ಒತ್ತಬೇಕು, ಅಷ್ಟರಲ್ಲಿ ಶಿವಲಿಂಗವ್ವ ಕೈ ಅಡ್ಡ ಹಿಡಿದರು.

"ನಿಲ್ಲ್ ತಮ್ಮಾ. ನಾವ್ ಮೂರ್ ಮಂದಿ ಅದೀವಿ. ಮೂರ್ ಮಂದಿ ಕೂಡಿ ಫೋಟೋ ತಗಸಬಾರ್ದು. ನಡುವ ನಿಂತವ್ರಿಗೆ ಕೇಡು."

ನಡುವೆ ನಿಂತಿದ್ದ ಸಿದ್ರಾಮಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಆಗ ನಡುವೆ ಉಳಿದವಳು ಮಗಳು. ಅದನ್ನು ಶಿವಲಿಂಗವ್ವ ನೋಡಿದ ನೋಟ ನಾನು ಮರೆಯಲಾರೆ. ಇಬ್ಬರನ್ನು ಒಂದು ಸಲ, ಒಬ್ಬರನ್ನು ಒಂದು ಸಲ ತೆಗೆದು ಆಮೇಲೆ ಜೋಡಿಸುತ್ತೇನೆ ಎಂದೆ. ಜೋಡಿಸಿದ ಮೇಲೆ ಮೂರೇ ತಾನೆ ಎಂದರು. ಪಕ್ಕದಲ್ಲಿ ಬಾಯಿ ತೆರೆದು ನಿಂತಿದ್ದ ಮೊಲದ ಆಕಾರದ ಕಸದ ಡಬ್ಬವನ್ನು ಎಳೆದು ತಂದೆ. ಜೀವ ಇರುವುದು ಬೇಕು ಎಂದರು. ನಾನೇ ಓಡಿಬಂದು ನಿಲ್ಲುತ್ತೇನೆ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಅದು ಬೇಡ ಎಂದರು.

ಅಷ್ಟರಲ್ಲಿ ಮುನಿವೆಂಕಟಯ್ಯ ನಾಲ್ಕನೇ ಸುತ್ತು ಮುಗಿಸಿ ಬಂದರು. ನನ್ನ ತಲೆಗೆ ಒಂದು ಯೋಚನೆ ಬಂತು. ನನ್ನ ತಲೆಗೆ ಯೋಚನೆ ಬಂದ ದಿನಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ರಜೆ ಕೊಡಬೇಕು. ಸಿದ್ರಾಮಪ್ಪನವರ ಕಿವಿಯಲ್ಲಿ, ಆ ಹಿರಿಯರನ್ನು ಅಂಚಿಗೆ ನಿಲ್ಲಿಸಿ ತೆಗೆಯೋಣ, ಆಮೇಲೆ ಕತ್ತರಿಸಿ ಕೊಡುತ್ತೇನೆ ಎಂದೆ. ತೆಗೆಯುವಾಗ ನಾಲ್ಕು ಜನ ಇದ್ದರೆ ಸಾಕು ಎಂದು ಶಿವಲಿಂಗವ್ವನೂ ಒಪ್ಪಿದರು. ಅಧ್ಯಕ್ಷರ ಹತ್ತಿರ ಹೋಗಿ, ಪಾಪ ದೂರದಿಂದ ಬಂದಿದ್ದಾರೆ, ತಾವೂ ಒಂದು ಫೋಟೋಗೆ ನಿಲ್ಲಬೇಕಂತೆ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೆಬ್ಬಾಳದ ಟ್ರಾಫಿಕ್ ದಾಟಿ ಬರುವವರಿಗೆ ಟಿ. ದಾಸರಹಳ್ಳಿ ದೂರವೇ. ಕತ್ತರಿಸುವ ವಿಷಯ ಮಾತ್ರ ಹೇಳಲಿಲ್ಲ.

ಅಧ್ಯಕ್ಷರು ಸಂಘದ ಕೋಣೆಗೆ ಹೋದರು. ಮಂಕಿ ಟೋಪಿ ತೆಗೆದಿಟ್ಟು, ಪೇಟ ಇಟ್ಟುಕೊಂಡು, ಯಾವುದೋ ಸನ್ಮಾನದ ಜರಿ ಶಾಲು ಹೊದ್ದು ಬಂದರು. ಬಂದವರು ನೇರವಾಗಿ ಅಪ್ಪ ಮಗಳ ನಡುವೆ ಜಾಗ ಮಾಡಿಕೊಂಡು ನಿಂತರು. ಸರ್, ಸ್ವಲ್ಪ ಅಂಚಿಗೆ ಎಂದು ನಾನು ಬೇಡಿಕೊಂಡೆ.

"ಅಂಚ್ನಾಗ್ ನಿಂತ್ಕಳಕ್ಕೆ ನಾನೇನ್ ಗೇಟಾ?" ಎಂದರು. ಎಡಗೈಯನ್ನು ಸಿದ್ರಾಮಪ್ಪನವರ ಭುಜದ ಮೇಲೆ ಇಟ್ಟರು, ಆ ಭುಜದ ಪಹಣಿ ತಮ್ಮ ಹೆಸರಿನಲ್ಲಿ ಇರುವ ಹಾಗೆ.

ಕ್ಲಿಕ್ ಮಾಡಿದೆ. ಸುಮ್ಮನೆ ಹೇಳಬಾರದು, ಫೋಟೋ ಬಹಳ ಚೆನ್ನಾಗಿ ಬಂತು.

ಅದನ್ನು ಹೊತ್ತು ಆರ್.ಟಿ. ನಗರದಲ್ಲಿ ಎಡಿಟಿಂಗ್ ಅಂಗಡಿ ಇಟ್ಟಿರುವ ಗಜಾಲಾ ಹತ್ತಿರ ಓಡಿದೆ. ಸ್ಟುಡಿಯೋ ದಿನಗಳಿಂದ ಪರಿಚಯ. ಕಂಪ್ಯೂಟರಿನಲ್ಲಿ ಅವಳು ಅಳಿಸದ ಮನುಷ್ಯನಿಲ್ಲ. ಬೆಂಚನ್ನು ಸರಿಸುವ ಹಾಗೆ ಅಪ್ಪ ಮಗಳನ್ನು ಹತ್ತಿರ ಸರಿಸಿ, ಐದು ನಿಮಿಷದಲ್ಲಿ ಅಧ್ಯಕ್ಷರನ್ನು ಪೇಟದ ಸಮೇತ ಇಲ್ಲವಾಗಿಸಿದಳು. ಭುಜದ ಮೇಲಿನ ಕೈ ಮಾತ್ರ ಉಳಿಯಿತು.

ಅದನ್ನೂ ತೆಗಿ ಎಂದೆ. ಸಿದ್ರಾಮಪ್ಪನವರದು ಚೌಕಳಿ ಅಂಗಿ, ಕೈ ತೆಗೆದರೆ ಚೌಕಳಿ ಕೆಡುತ್ತದೆ, ಮಗಳ ಕೈ ಎಂದು ಜನ ಅಂದುಕೊಳ್ಳುತ್ತಾರೆ, ಬಿಡು ಎಂದಳು. ಆ ಕೈಯ ಮೇಲೆ ಕರಡಿಯ ಹಾಗೆ ಕೂದಲಿದೆಯಲ್ಲ ಎಂದೆ. ಕೂದಲು ಅಳಿಸಿದಳು. ಆದರೂ ಗಂಡಸಿನ ಕೈಯೇ.

"ಅರೆ ಭೀಮಾ, ಎಷ್ಟ್ ತಲೆ ತಿಂತೀಯೋ" ಎಂದು ಶಿವಲಿಂಗವ್ವನ ಕೈಯಿಂದ ಹಸಿರು ಬಳೆಗಳನ್ನು ಕಾಪಿ ಮಾಡಿ ಅಧ್ಯಕ್ಷರ ಕೈಗೆ ಒಂದು ಡಜನ್ ತೊಡಿಸಿಬಿಟ್ಟಳು. ದೂರದಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

ಇನ್ನು ಉಳಿದದ್ದು ಕಳಿಸುವ ಕೆಲಸ. ಅಳಿಸಿದ ಫೋಟೋ ಸಿದ್ರಾಮಪ್ಪನವರಿಗೆ, ಅಳಿಸದ ಫೋಟೋ ಅಧ್ಯಕ್ಷರಿಗೆ. ಇಬ್ಬರಿಗೂ ಸಂತೋಷ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ನನ್ನ ಫೋನಿನಲ್ಲಿ ಅಧ್ಯಕ್ಷರ ಹೆಸರು 'ಪಾರ್ಕ್ ಅಂಕಲ್' ಎಂದಿತ್ತು, ಸಿದ್ರಾಮಪ್ಪನವರನ್ನು ಅವಸರದಲ್ಲಿ 'ಪಾರ್ಕ್ ಅಂಕಲ್ ಎರಡು' ಎಂದು ಸೇರಿಸಿದ್ದೆ. ವಾಪಸು ಬರುತ್ತಾ ಕಳಿಸುವಾಗ ಹೆಬ್ಬಾಳದಲ್ಲಿ ಬಸ್ಸು ಬ್ರೇಕ್ ಹಾಕಿತು, ಒಬ್ಬರ ಮೊಣಕೈ ನನ್ನ ಪಕ್ಕೆಗೆ ಬಿತ್ತು, ಎರಡು ಫೋಟೋಗಳೂ ಹೋದವು. ಅದಲುಬದಲಾಗಿ ಹೋದವು.

ಅಧ್ಯಕ್ಷರು ಕನ್ನಡಕ ಹಾಕಿಕೊಳ್ಳುವ ಮೊದಲೇ ಫೋಟೋವನ್ನು ಸಂಘದ ಗ್ರೂಪಿಗೆ ಹಾಕಿದರು. ಮೇಲೆ ಒಂದು ಸಾಲು: ದೂರದ ಊರಿನ ಕುಟುಂಬವೊಂದರ ಕೋರಿಕೆಯ ಮೇರೆಗೆ ಅವರೊಂದಿಗೆ ತಮ್ಮ ಅಧ್ಯಕ್ಷರು. ಮೂವತ್ತೆರಡು ಸದಸ್ಯರು ಸಾಲಾಗಿ ಕೈ ಮುಗಿದರು. ಯಾರೂ ಫೋಟೋ ನೋಡಿರಲಿಲ್ಲ. ಅರ್ಧ ಗಂಟೆಯ ಮೇಲೆ ನಿವೃತ್ತ ಹೆಡ್‌ಮಾಸ್ತರು ವೆಂಕಟೇಶಪ್ಪ, ಇದರಲ್ಲಿ ಅಧ್ಯಕ್ಷರು ಎಲ್ಲಿದ್ದಾರೆ ಎಂದು ಕೇಳಿದರು. ಒಬ್ಬರು ಮರದ ಹಿಂದೆ ಇರಬಹುದು ಎಂದರು. ಇನ್ನೊಬ್ಬರು ಕಾಂಡದ ಮೇಲಿನ ಪಾಚಿಗೆ ಕೆಂಪು ಬಣ್ಣದಲ್ಲಿ ಸುತ್ತು ಹಾಕಿ, ಇದೇ ಅಧ್ಯಕ್ಷರ ಮುಖ, ಕಳೆ ಹಾಗೇ ಇದೆ ಎಂದು ಬರೆದರು.

ನಿಜ ಕಂಡುಹಿಡಿದವರು ಅಧ್ಯಕ್ಷರ ಹೆಂಡತಿ ಸೊಣ್ಣಮ್ಮ. ಫೋಟೋ ದೊಡ್ಡದು ಮಾಡಿ ಬಳೆಯ ಕೈಯನ್ನು ಬಹಳ ಹೊತ್ತು ನೋಡಿದರಂತೆ. ಹೆಬ್ಬೆರಳಿನ ಉಗುರು ಹಿಂದೆ ಯಾವಾಗಲೋ ಕುಡುಗೋಲಿಗೆ ಸಿಕ್ಕಿ ಸೀಳಿದ್ದು.

"ನಲ್ವತ್ ವರ್ಸ ಈ ಕೈಗೆ ಮುದ್ದೆ ಇಕ್ಕಿವ್ನಿ. ನಂಗೊತ್ತಾಗಲ್ವಾ" ಎಂದರಂತೆ.

ಬದುಕಿರುವ ಮನುಷ್ಯನನ್ನು ಫೋಟೋದಿಂದ ಅಳಿಸಿದ್ದಾರೆ ಎಂದರೆ ಅದು ಸಣ್ಣ ಮಾತಲ್ಲ. ಸೊಣ್ಣಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಸುಟ್ಟರು. ಆ ಘಾಟಿಗೆ ಅಧ್ಯಕ್ಷರು ಸೀನಿದರು. ಸೀನಿದ್ದನ್ನು ಕಂಡು, ನೋಡಿ ಶುರುವಾಯಿತು ಎಂದು, ವಾಕಿಂಗ್ ನಿಲ್ಲಿಸಿ ಮನೆಯಲ್ಲಿ ಕೂರಿಸಿದರು. ಮಾರನೆಯ ದಿನ ಅಧ್ಯಕ್ಷರು ನನ್ನನ್ನು ಮನೆಗೆ ಕರೆಸಿದರು. ಅಂಗಳದಲ್ಲಿ ನಿಂತೆ. ಕೂರು ಎನ್ನಲಿಲ್ಲ.

"ನನ್ ಕೈ ಬೇಕಾಯ್ತು. ನಾನ್ ಬೇಡ್ವಾದ್ನಾ?" ಎಂದು ಕೇಳಿದರು ಅಧ್ಯಕ್ಷರು. "ಓಗ್ಲಿ, ಅಳಿಸ್ದೆ. ಬಳೆ ಯಾಕ್ಲಾ ತೊಡ್ಸ್ದೆ?" ಎಂದರು. ಅಂಗಿಯ ಚೌಕಳಿ ಕೆಡುತ್ತಿತ್ತು ಎಂದೆ. ಅದು ನಿಜವೇ ಆಗಿದ್ದರೂ ಆ ಹೊತ್ತಿಗೆ ಹೇಳಬಾರದಿತ್ತು.

ನಮ್ಮ ಬೀದಿಯ ದೀಪ ಕೆಟ್ಟು ಎಂಟು ತಿಂಗಳಾಗಿದೆ, ಇನ್ನೂ ಯಾರೂ ಬಂದಿಲ್ಲ. ಪಾರ್ಕಿನ ಗೇಟಿಗೆ 'ಕ್ಯಾಮೆರಾ ನಿಷೇಧಿಸಲಾಗಿದೆ' ಎಂಬ ಬೋರ್ಡು ಒಂದೇ ದಿನದಲ್ಲಿ ಬಂತು. ಮೊನ್ನೆಯವರೆಗೆ ನನ್ನ ಜೊತೆ ಟೀ ಕುಡಿಯುತ್ತಿದ್ದ ವಾಚ್‌ಮ್ಯಾನ್ ಶಿವರಾಮ್ ಗೇಟಿಗೆ ಅಡ್ಡ ನಿಂತು, ಏನ್ ಸಮಾಚಾರ ಎಂದು ಹೊಸಬನನ್ನು ಕೇಳುವ ಹಾಗೆ ಕೇಳಿದ.

ಆ ವಾರ ನಾನು ಪಟ್ಟ ಪಾಡು ಯಾರಿಗೂ ಬೇಡ. ಒಂದು ಪಾರ್ಕಿನಲ್ಲಿ ಸೀಟಿ, ಇನ್ನೊಂದರಲ್ಲಿ ನಾಯಿ. ಮೂರು ಜನ ಗೆಳತಿಯರನ್ನು ಫ್ಲೈಓವರ್ ಕಂಬದ ಪಕ್ಕ ನಿಲ್ಲಿಸಿದೆ, ಫೋಟೋದ ತುಂಬ ಬಾಡಿಗೆ ಮನೆಯ ಜಾಹೀರಾತು ಬಂತು. ಮದುವೆ ಗೊತ್ತಾದ ಒಂದು ಜೋಡಿ, ಗುರು, ಹಸಿರು ಬೇಕು ಅಂದಿದ್ವಲ್ಲ ಎಂದು ಕೇಳಿತು. ಹಿಂದೆ ನಿಂತಿದ್ದ ನೀರಿನ ಟ್ಯಾಂಕರ್ ಹಸಿರು ಬಣ್ಣದ್ದೇ ಎಂದು ತೋರಿಸಿದೆ. ಅವರು ಬೇರೆ ಫೋಟೋಗ್ರಾಫರನ್ನು ನೋಡಿಕೊಂಡರು.

ಗುರುವಾರ ಸಿದ್ರಾಮಪ್ಪನವರ ಫೋನು ಬಂತು. ಬೈಯಲು ಮಾಡಿದ್ದಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

ನಾನು ಕಳಿಸಿದ ಫೋಟೋವನ್ನು ಅವರು ನೋಡದೆಯೇ ಜಮಖಂಡಿಗೆ ದಾಟಿಸಿದ್ದರು. ಪೇಟ, ಜರಿ ಶಾಲು ಎಲ್ಲ ಹೋಗಿತ್ತು. "ಅವ್ರಿಗೆ ಹುಡುಗಿಗಿಂತ ಹಿರ್ಯಾರು ಭಾಳ ಹಿಡಿಸ್ಯಾರ" ಎಂದರು ಸಿದ್ರಾಮಪ್ಪ. "ಯಾರ್ರೀ ಅವ್ರು ಅಂತ ಕೇಳಿದ್ರು. ಬಾಯಿಗೆ ಬಂತು, ನಮ್ಮ ಮನಿ ಹಿರ್ಯಾರು ಅಂದ್ಬಿಟ್ಟೆ. ಈಗ ಐತವಾರ ಬರ್ತಾರ. ಹಿರ್ಯಾರ ಕೂಡನ ಮಾತಾಡ್ತೀವಿ ಅಂತಾರ. ನೀ ಕಳಿಸಿದ್ದು, ನೀನ ಅವ್ರನ್ನ ಕರ್ಕೊಂಡ್ ಬಾ."

ಮತ್ತೆ ಆ ಅಂಗಳಕ್ಕೆ ಹೋದೆ. ಜಮಖಂಡಿಯಿಂದ ಒಂದು ಕುಟುಂಬ ತಮ್ಮನ್ನು ಕಾಣಲೆಂದೇ ಬರುತ್ತಿದೆ ಎಂದೆ. ಇದೂ ಸುಳ್ಳಲ್ಲ. ಒಳಗಿನಿಂದ ಕೇಳುತ್ತಿದ್ದ ಸೀನು ನಿಂತಿತು. ಅಧ್ಯಕ್ಷರು ಹೊರಗೆ ಬಂದರು. ಎಲ್ಲ ವಿಷಯ ಕೇಳಿಕೊಂಡು ಷರತ್ತು ಹಾಕಿದರು. ಹೆಣ್ಣು ನೋಡುವ ಶಾಸ್ತ್ರ ಪಾರ್ಕಿನಲ್ಲೇ ಆಗಬೇಕು. ಮೂವತ್ತೆರಡು ಸದಸ್ಯರೂ ಹಾಜರಿರಬೇಕು. ಬಳೆಯ ಕೈಯನ್ನು ನೋಡಿದ ಅದೇ ಕಣ್ಣುಗಳು ತಮ್ಮನ್ನು ಹಿರಿಯರೆಂದು ಒಂದು ಕುಟುಂಬ ಗೌರವಿಸುವುದನ್ನೂ ನೋಡಬೇಕು. ಗೌರವ ಸಿಕ್ಕಿದರೆ ನನಗೆ ಗೇಟು ತೆರೆಯುತ್ತದೆ. ಸಿಗದಿದ್ದರೆ, ಅಲ್ಲಾಳಸಂದ್ರದ ಗಡಿಯೊಳಗೆ ನಾನು ಕ್ಯಾಮೆರಾ ಇರಲಿ, ಕನ್ನಡಿಯನ್ನೂ ಹಿಡಿಯುವ ಹಾಗಿಲ್ಲ. ಅಲ್ಲಿಯವರೆಗೆ ಒಳಗೆ ಕಾಲಿಡಬಾರದು.

ಹಾಗಾಗಿ ಭಾನುವಾರದ ಸಭೆಯನ್ನು ನಾನು ಗೇಟಿನ ಸರಳುಗಳ ನಡುವೆ ಮುಖ ತೂರಿಸಿ ನೋಡಿದೆ. ಪಕ್ಕದಲ್ಲಿ ಶಿವರಾಮ್ ನಿಂತಿದ್ದ, ನಾನು ಸರಳಿನ ನಡುವೆ ಸೋರಿ ಒಳಗೆ ಹೋಗಿಬಿಡುತ್ತೇನೆ ಎನ್ನುವ ಹಾಗೆ.

ಮಳೆಮರದ ಕೆಳಗೆ ಸಂಘದ ಕುರ್ಚಿಗಳು. ನಡುವೆ ಅಧ್ಯಕ್ಷರು, ಅವರ ಹಿಂದೆ ಸೊಣ್ಣಮ್ಮ. ಒಂದು ಕಡೆ ಸಿದ್ರಾಮಪ್ಪ, ಶಿವಲಿಂಗವ್ವ, ರಕ್ಷಾ. ಇನ್ನೊಂದು ಕಡೆ ಹುಡುಗ ಚನ್ನು, ಅವನ ತಾಯಿ, ಸೋದರಮಾವ. ದಿನವೂ ಪಾರ್ಕಿನ ಉದ್ದಕ್ಕೂ ನಡೆಯುವ ಸದಸ್ಯರು ಆ ದಿನ ಮಳೆಮರದ ಸುತ್ತ ಮಾತ್ರ ನಡೆದರು. ಅಷ್ಟು ಸಣ್ಣ ಸುತ್ತಿನಲ್ಲಿ ಮೂವತ್ತೆರಡು ಜನ ನಡೆದರೆ ಅದು ಪ್ರದಕ್ಷಿಣೆಯ ಹಾಗೇ ಕಾಣುತ್ತದೆ. ಸೋದರಮಾವ ಬಂದವರೇ ಬಗ್ಗಿ ಅಧ್ಯಕ್ಷರ ಕಾಲು ಮುಟ್ಟಿದರು. ವೆಂಕಟೇಶಪ್ಪನವರು ನಡಿಗೆ ನಿಲ್ಲಿಸಿ ನೋಡಿದರು. ನನ್ನ ಗೇಟು ಅರ್ಧ ತೆರೆಯಿತು ಎಂದುಕೊಂಡೆ.

ಪ್ರಯಾಣ ಎಂಗಾಯ್ತು ಎಂದು ಅಧ್ಯಕ್ಷರು ಕೇಳಿದರು. ಸೋದರಮಾವ ಸಿದ್ರಾಮಪ್ಪನವರ ಕಡೆ ನೋಡಿದರು. ಬೆಂಗಳೂರಿಗೆ ಬಂದು ಬಹಳ ವರ್ಷ ಆಯಿತು, ಇಲ್ಲಿನ ನೀರಿಗೆ ಮಾತು ಹೀಗಾಗಿದೆ ಎಂದು ಸಿದ್ರಾಮಪ್ಪ ಬೆವರು ಒರೆಸಿಕೊಂಡರು. ಅದೂ ನಡೆಯಿತು. ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಟ್ಟು ಜಮಖಂಡಿಗೆ ಬರಬೇಕು ಎಂದು ಸೋದರಮಾವ ಹೇಳಿದರು. ಸಿದ್ರಾಮಪ್ಪ ತಲೆ ಆಡಿಸಿದರು. ಅದೂ ನಡೆಯಿತು.

ಅಲ್ಲಿಗೆ ಎದ್ದು ಕಾಫಿ ಕುಡಿದಿದ್ದರೆ ಮುಗಿದಿತ್ತು. ಆದರೆ ಅಧ್ಯಕ್ಷರಿಗೆ ಕುರ್ಚಿಯ ಮೇಲೆ ಕುಳಿತು ಮಾಡಲು ಬರುವ ಕೆಲಸ ಒಂದೇ, ಅದು ಸಭೆ ನಡೆಸುವುದು. ಶಾಲಿನ ಒಳಗಿನಿಂದ ಸಂಘದ ನಡಾವಳಿ ಪುಸ್ತಕ ತೆಗೆದರು. ಎಲ್ಲರಿಗೂ ಸ್ವಾಗತ ಹೇಳಿದರು. ವಿಷಯ ಒಂದು, ರಕ್ಷಾಳ ಮದುವೆ, ಕೆಲಸ ಬಿಡುವುದು, ಜಮಖಂಡಿಗೆ ಹೋಗುವುದು ಎಂದು ಓದಿದರು. ಕೊನೆಗೆ ಪ್ರತಿ ಸಭೆಯಲ್ಲಿ ಕೇಳುವ ಹಾಗೆ, ಆಕ್ಷೇಪಣೆ ಇದ್ದವರು ಕೈ ಎತ್ತಿ ಎಂದರು. ಇದನ್ನು ಅವರು ಪುಸ್ತಕ ನೋಡುತ್ತಲೇ ಕೇಳುತ್ತಾರೆ, ಅದೇ ಉಸಿರಿನಲ್ಲಿ ಯಾರೂ ಇಲ್ಲ, ಅಂಗೀಕಾರ ಎಂದು ಬರೆಯುತ್ತಾರೆ. ಹನ್ನೊಂದು ವರ್ಷದಲ್ಲಿ ಯಾರೂ ಕೈ ಎತ್ತಿರಲಿಲ್ಲ. ಆ ದಿನ ಪೆನ್ನು ಬರೆಯಲಿಲ್ಲ. ಪೆನ್ನು ಕೊಡವಲು ತಲೆ ಎತ್ತಿದರು.

ರಕ್ಷಾ ಕೈ ಎತ್ತಿದ್ದಳು.

ನಡೆಯುತ್ತಿದ್ದ ಸದಸ್ಯರು ನಿಂತರು. ಹಿಂದಿನವರು ಮುಂದಿನವರಿಗೆ ಡಿಕ್ಕಿ ಹೊಡೆದರು. ಕೈ ಇಳಿಸವ್ವಾ, ಅದು ಸಂಘದವ್ರಿಗೆ ಎಂದು ಸಿದ್ರಾಮಪ್ಪ ಪಿಸುಗುಟ್ಟಿದರು. ಸಭೆಯಲ್ಲಿ ಕೂತವರೆಲ್ಲ ಸಭಿಕರೇ ಎಂದು ವೆಂಕಟೇಶಪ್ಪ ಸುತ್ತಿನಿಂದಲೇ ತೀರ್ಪು ಕೊಟ್ಟರು.

"ಏನವ್ವಾ ನಿನ್ ಆಕ್ಷೇಪಣೆ?" ಎಂದು ಅಧ್ಯಕ್ಷರು ಕೇಳಿದರು.

"ನನ್ನ ಯಾರೂ ಕೇಳೇ ಇಲ್ರೀ ಅಜ್ಜಾರ" ಎಂದಳು ರಕ್ಷಾ. "ನಾ ಕೆಲಸ ಬಿಡಂಗಿಲ್ಲ. ಈ ಮದುವಿನೂ ನಂಗ ಬ್ಯಾಡ."

ಅಧ್ಯಕ್ಷರು ಪೆನ್ನನ್ನು ಜೋರಾಗಿ ಕೊಡವಿದರು. ಆಮೇಲೆ ಪುಸ್ತಕದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. "ಆಕ್ಷೇಪಣೆ ಬಂದೈತೆ. ವಿಸ್ಯ ಬಿದ್ದೋಯ್ತು."

ಚನ್ನುವಿನ ಕೈಯೂ ಮಂಡಿಯಿಂದ ಮೆಲ್ಲಗೆ ಅರ್ಧ ಮೇಲೆದ್ದಿತ್ತು. ಮಾವ ನೋಡಿದ್ದರಿಂದ ಅದು ತಲೆ ಕೆರೆದುಕೊಂಡು ಕೆಳಗಿಳಿಯಿತು.

ಹಿರಿಯರಾಗಿ ನೀವು ಹುಡುಗಿಗೆ ಬುದ್ಧಿ ಹೇಳುವುದು ಬಿಟ್ಟು ಗೆರೆ ಎಳೆಯುತ್ತೀರಲ್ಲ ಎಂದು ಸೋದರಮಾವ ಎದ್ದು ನಿಂತರು. ಸಂಬಂಧ ಕೈ ತಪ್ಪುವ ಭಯದಲ್ಲಿ ಸಿದ್ರಾಮಪ್ಪನವರ ಬಾಯಿ ತೆರೆದುಕೊಂಡಿತು.

"ಇವ್ರ ಮಾತು ಹಿಡೀಬ್ಯಾಡ್ರೀ. ಇವ್ರು ನಮ್ಮವ್ರ ಅಲ್ಲ. ಪಾರ್ಕಿನಾಗ ತಿರಗ್ಯಾಡಾವ್ರು. ಫೋಟೋಕ್ಕ ನಾಕ್ನೇದವ್ರು ಬೇಕಿತ್ತು, ಅದಕ್ಕ ನಿಲ್ಲಿಸಿದ್ವಿ."

ಮೂವತ್ತೆರಡು ಜನ ಕೇಳಿಸಿಕೊಂಡರು. ಅಧ್ಯಕ್ಷರ ಪೇಟ ನಾನು ನೋಡುತ್ತಿದ್ದ ಹಾಗೆ ಒಂದು ಅಂಗುಲ ಕುಗ್ಗಿತು. ನನ್ನ ಗೇಟಿಗೆ ಯಾರೋ ವೆಲ್ಡಿಂಗ್ ಮಾಡಿದ ಹಾಗಾಯಿತು. ಪಾರ್ಕಿನವರನ್ನು ಮನೆಯವರು ಎಂದು ತೋರಿಸುವ ಮಂದಿಯ ಜೊತೆ ಬೀಗತನ ಬೇಡ ಎಂದು ಹೇಳಿ ಸೋದರಮಾವ ಅಕ್ಕನನ್ನು ಎಬ್ಬಿಸಿಕೊಂಡು ಹೊರಟರು. ಚನ್ನು ಎಲ್ಲರಿಗಿಂತ ಮುಂದೆ ಗೇಟು ದಾಟಿದ. ನನ್ನ ಪಕ್ಕ ಹೋಗುವಾಗ ಸಿಳ್ಳೆ ಹಾಕುತ್ತಿದ್ದ.

ಆಗ ಶಿವಲಿಂಗವ್ವ ಎದ್ದರು. ಗಂಡನಿಗೆ ಹೇಳಿದರೋ ಮಗಳಿಗೆ ಹೇಳಿದರೋ ಗೊತ್ತಿಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ನಮ್ಮವ್ರಲ್ಲ ಅಂದ್ರ ಹ್ಯಾಂಗ? ಹಡದಾಕ್ಯಾಗಿ ನಾನ ಕೇಳ್ಲಿಲ್ಲ. ಇವ್ರು ಕೇಳಿದ್ರು. ಇವ್ರ ನಮ್ಮ ಹಿರ್ಯಾರು."

ಸೆರಗು ತಲೆಯ ಮೇಲೆ ಎಳೆದುಕೊಂಡು ಬಗ್ಗಿ ಅಧ್ಯಕ್ಷರಿಗೆ ನಮಸ್ಕಾರ ಮಾಡಿದರು. ರಕ್ಷಾ ಮಾಡಿದಳು. ಕೊನೆಗೆ ಸಿದ್ರಾಮಪ್ಪನವರೂ ಮಾಡಿದರು, ಹೆಂಡತಿ ನೋಡುತ್ತಿದ್ದದ್ದರಿಂದ. ಅಧ್ಯಕ್ಷರು ಶಾಲಿನಲ್ಲಿ ಮೂಗು ಒರೆಸಿಕೊಂಡರು. ಸೊಣ್ಣಮ್ಮ ಅದನ್ನು ಸೀನು ಎಂದುಕೊಂಡು ಮೆಣಸಿನಕಾಯಿಗೆ ಎದ್ದರು, ಯಾರೋ ತಡೆದರು. ಆಮೇಲೆ ಅಧ್ಯಕ್ಷರು ಗೇಟಿನ ಕಡೆ ನೋಡಿ, ಅವನ್ನ ಒಳಕ್ ಬುಡು ಎಂದರು. ವೆಂಕಟೇಶಪ್ಪ ಅನುಮೋದಿಸಿದರು. ಶಿವರಾಮ್ ಏನ್ ಮಗಾ, ಟೀ ಕುಡಿದ್ಯಾ ಎಂದು ಹೆಗಲಿಗೆ ಕೈ ಹಾಕಿದ.

ಬೋರ್ಡನ್ನು ತೆಗೆಸಿ ಎಂದೆ. ಹೊಸ ಬೋರ್ಡು, ಸಂಘದ ಆಸ್ತಿ, ತೆಗೆಯುವ ಹಾಗಿಲ್ಲ ಎಂದರು. ಅದರ ಬದಲು ಪೇಂಟರನ್ನು ಕರೆಸಿ ಕೆಳಗೆ ಒಂದು ಸಾಲು ಸೇರಿಸಿದರು. ಈಗ ಅದರಲ್ಲಿ 'ಕ್ಯಾಮೆರಾ ನಿಷೇಧಿಸಲಾಗಿದೆ. ಭೀಮರಾಜ್ ಅವರನ್ನು ಹೊರತುಪಡಿಸಿ' ಎಂದಿದೆ. ಸರ್ಕಾರಿ ಪಾರ್ಕಿನ ಗೇಟಿನ ಮೇಲೆ ನನ್ನ ಹೆಸರು ಬಂದದ್ದು ಅದೇ ಮೊದಲು. ಅದನ್ನೇ ಫೋಟೋ ತೆಗೆದು ನನಗೆ ಗೊತ್ತಿದ್ದವರಿಗೆಲ್ಲ ಕಳಿಸಿದೆ. ಗೊತ್ತಿದ್ದವರಲ್ಲಿ ಮುಕ್ಕಾಲು ಪಾಲು ಫೋಟೋಗ್ರಾಫರುಗಳು ಎಂಬುದು ಆಗ ಹೊಳೆಯಲಿಲ್ಲ.

ಮುಂದಿನ ಭಾನುವಾರ ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡು ಅರ್ಧ ಗಂಟೆ ತಡವಾಯಿತು. ಶಿವರಾಮ್ ಊರಿಗೆ ಹೋಗಿದ್ದ, ಗೇಟಿನಲ್ಲಿ ಬದಲಿ ವಾಚ್‌ಮ್ಯಾನ್ ಕೂತಿದ್ದ. ಒಳಗೆ ಮಳೆಮರದ ಕೆಳಗೆ ಒಬ್ಬ ಕ್ಯಾಮೆರಾ ಹಿಡಿದು ಮಂಡಿಯೂರಿದ್ದ. ಬಿದಿರು ಮೆಳೆಗೆ ಒಬ್ಬೊಬ್ಬ. ತಾಳೆಯ ಸಾಲಿನಲ್ಲಿ ಇನ್ನೂ ನಾಲ್ವರು, ಜೋಡಿಗಳನ್ನು ಮರದ ಹಿಂದಿನಿಂದ ಇಣುಕಿಸುತ್ತಿದ್ದರು. ನನಗಾಗಿ ಬಂದಿದ್ದ ಕುಟುಂಬ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು, ಯಾವ ಕಡೆ ನೋಡಿ ನಗಬೇಕು ಎಂದು ತಿಳಿಯದೆ ನಿಂತಿತ್ತು.

ನನ್ನ ಚೀಲಕ್ಕೆ ವಾಚ್‌ಮ್ಯಾನ್ ಲಾಠಿ ಅಡ್ಡ ಹಿಡಿದ. ಬೋರ್ಡು ತೋರಿಸಿದೆ. ನಾನೇ ಭೀಮರಾಜ್ ಎಂದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಒಳಗೆ ಹೋದವರ ಪುಸ್ತಕ ಬಿಚ್ಚಿ, ಅದರಲ್ಲಿದ್ದ ಹೆಸರುಗಳ ಮೇಲೆ ಬೆರಳಾಡಿಸಿದ.

"ನೀನ್ ಎಷ್ಟನೇ ಭೀಮರಾಜ್ ಗುರು?" ಎಂದು ಕೇಳಿದ.

ಅಷ್ಟರಲ್ಲಿ ಮಗು ಅಳಲು ಶುರು ಮಾಡಿತ್ತು. ಎಂಟನೆಯವನು ಎಂದು ಹೇಳಿ ಸಹಿ ಹಾಕಿ ಒಳಗೆ ಹೋದೆ.